ಪುಕ್ಕಲಿಯ ಪಾಲಿನ ಜಗಳ

ಆ ಮನೆಯವರು ಮೆಲ್ಲಗೆ ಮಾತಾಡಿದ್ದನ್ನು ಬೀದಿಯಲ್ಲಿ ಯಾರೂ ಕಂಡಿರಲಿಲ್ಲ. ಒಳಗೆ ಯಾರಾದರೂ ಉಪ್ಪೆಲ್ಲಿ ಎಂದು ಕೇಳಿದರೆ ಎದುರು ಮನೆಯವರು ತಮ್ಮ ಅಡುಗೆಮನೆಯ ಕಡೆ ತಿರುಗಿ ನೋಡಬೇಕು, ಅಂಥ ಗಂಟಲುಗಳು. ಇದಕ್ಕೆಲ್ಲ ಮೂಲ ಅತ್ತೆ. ವಯಸ್ಸಿನ ಒಳ್ಳೆಯ ಭಾಗವನ್ನೆಲ್ಲ ಬಟ್ಟೆ ಗಿರಣಿಯ ಮಗ್ಗದ ಶೆಡ್ಡಿನಲ್ಲಿ ಕಳೆದವರು. ನೂರಾರು ಮಗ್ಗ ಒಟ್ಟಿಗೆ ಬಡಿದುಕೊಳ್ಳುವ ಜಾಗದಲ್ಲಿ ಅವರ ಕಿವಿ ಅರ್ಧ ಹೋಗಿತ್ತು, ಗಂಟಲು ದುಪ್ಪಟ್ಟಾಗಿತ್ತು. ಅವರ ಮಗ ಲಿಫ್ಟ್ ರಿಪೇರಿಯವನು. ಗುಂಡಿಯೊಳಗೆ ನಿಂತು ಮೇಲಿನ ಮಹಡಿಯವನಿಗೆ ಕೂಗಿ ಕೂಗಿ ತಾಯಿಗೆ ತಕ್ಕ ಮಗನಾಗಿದ್ದ. ಇವರ ನಡುವೆ ಸೊಸೆಯಾಗಿ ಬಂದವಳು ಮೊದಮೊದಲು ಮೆತ್ತಗೇ ಇದ್ದಳಂತೆ. ಮುಂದಿನ ಕೋಣೆಯಲ್ಲಿ ಮಿಷನ್ ಹಾಕಿಕೊಂಡು ಹೊಲಿಯತೊಡಗಿ, ಬೀದಿಗೆಲ್ಲ ಟೈಲರಮ್ಮ ಆದಮೇಲೆ ಅವಳೂ ಯಾರಿಗೂ ಕಡಿಮೆಯಿಲ್ಲ ಎನ್ನಿಸಿಕೊಂಡಳು.

ಇಂಥ ಮನೆಗೆ ಟೈಲರಮ್ಮನ ಮಗಳು ಒಂದು ಪುಕ್ಕಲು ನಾಯಿಯನ್ನು ಕರೆತಂದಳು.

ಮಗಳಿಗೆ ಪ್ರಾಣಿಗಳ ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಕೆಲಸ. ಅಲ್ಲಿಗೆ ಬರುವ ಬೀದಿನಾಯಿಗಳ ಆಶ್ರಯದವರೊಡನೆ ಅವಳಿಗೆ ಸ್ನೇಹ. ಅವತ್ತು ಆಟೋದಿಂದ ಇಳಿದವಳ ತೋಳಿನಲ್ಲಿ, ಟವೆಲ್ಲಿನೊಳಗೆ ಮುಖ ಹುದುಗಿಸಿಕೊಂಡ ಕಂದು ಬಣ್ಣದ ಹೆಣ್ಣುನಾಯಿ ಗಡಗಡ ನಡುಗುತ್ತಿತ್ತು.

"ಅಮ್ಮ, ಎರಡೇ ಎರಡು ತಿಂಗಳು. ಸ್ವಲ್ಪ ಧೈರ್ಯ ಬರೋವರೆಗೆ. ಆಮೇಲೆ ಯಾರಾದ್ರೂ ಸಾಕೋಕೆ ತಗೊಂಡು ಹೋಗ್ತಾರೆ."

"ನೋಡ್ಕೊಳ್ಳೋರು ಯಾರು? ನೀನು ಬೆಳಿಗ್ಗೆ ಹೋದ್ರೆ ಸಂಜೆ ಬರೋಳು."

"ನೀನು ಮನೇಲೇ ಇರ್ತೀಯಲ್ಲಮ್ಮ."

ಮನೆಯಲ್ಲೇ ಇರುತ್ತೀಯಲ್ಲ! ಟೈಲರಮ್ಮನಿಗೆ ಈ ಮಾತು ಕೇಳಿದಾಗಲೆಲ್ಲ ಮೈ ಉರಿಯುತ್ತಿತ್ತು. ಮನೆಯಲ್ಲಿ ಕೂತು ಹೊಲಿಯುವವಳು ಸುಮ್ಮನೆ ಕೂತಿರುತ್ತಾಳೆ ಎಂದು ಈ ಮನೆಯವರಿಗೆ ಹೇಳಿಕೊಟ್ಟವರು ಯಾರೋ. ಉತ್ತರ ಕೊಡಲು ಅವಳು ಬಾಯಿ ತೆರೆಯುವಷ್ಟರಲ್ಲಿ ಒಳಗಿಂದ ಅತ್ತೆ, "ಏನೇ ಅದು? ಸತ್ತಿದೆಯಾ, ಬದುಕಿದೆಯಾ?" ಎಂದು ಕೂಗಿದರು. ನಾಯಿ ಟವೆಲ್ಲಿನಿಂದ ನೆಗೆದು, ನೆಲವೆಲ್ಲ ಒದ್ದೆ ಮಾಡಿ, ಮಿಷನ್ನಿನ ಕೆಳಗೆ ತುಂಡುಬಟ್ಟೆಗಳ ರಾಶಿಯೊಳಗೆ ನುಗ್ಗಿತು. ಬಾಲದ ತುದಿ ಮಾತ್ರ ಹೊರಗಿತ್ತು.

"ನೋಡು ಪುಕ್ಕಲೀನ!" ಎಂದರು ಅತ್ತೆ. ಅದೇ ಹೆಸರಾಯಿತು.

ಮಗಳು ಎಲ್ಲರನ್ನೂ ಕೂರಿಸಿಕೊಂಡು ಹೇಳಿದಳು. ಯಾರೂ ಕೂಗಬಾರದು. ಪಾತ್ರೆ ಬಡಿಯಬಾರದು. ಪೊರಕೆ ತೋರಿಸಬಾರದು. ಅಪ್ಪ ಬೂಟು ಗೇಟಿನಲ್ಲೇ ಬಿಚ್ಚಬೇಕು. ಒಬ್ಬರು ತಗೊಂಡು ಹೋಗಿ ಆಗಲೇ ಒಮ್ಮೆ ವಾಪಸ್ ತಂದುಬಿಟ್ಟಿದ್ದಾರೆ, ಪಾಪ.

"ಪಿಸುಗುಟ್ಟಿಕೊಂಡು ಸಂಸಾರ ಮಾಡೋದಾ?" ಅಂದ ಅಪ್ಪ.

"ಹೂಂ, ಹಾಗೇ," ಅಂದಳು ಮಗಳು.

ಈ ಮನೆಯವರ ಒಂದು ಗುಣ ಹೇಳಬೇಕು. ಯಾವುದನ್ನೂ ಅರ್ಧ ಮಾಡಿ ಅವರಿಗೆ ಗೊತ್ತಿಲ್ಲ. ಕೂಗುತ್ತಿದ್ದಾಗ ಬೀದಿಗೇ ಕೂಗಿದರು. ಮೆಲ್ಲಗಾಗಬೇಕು ಎಂದಮೇಲೆ ಉಸಿರೂ ಕೇಳದಷ್ಟು ಮೆಲ್ಲಗಾದರು. ಕುಕ್ಕರ್ ಅಟ್ಟಕ್ಕೇರಿತು, ಅನ್ನ ತೆರೆದ ಪಾತ್ರೆಯಲ್ಲಿ ಬೇಯತೊಡಗಿತು. ಮಿಕ್ಸಿಯನ್ನು ಎತ್ತಿಕೊಂಡು ಪಕ್ಕದ ಮನೆಗೆ ಹೋಗಿ ರುಬ್ಬಿಕೊಂಡು ಬರುವುದಾಯಿತು. ಟೀವಿಯಲ್ಲಿ ಜನ ಬಾಯಿ ಬಿಟ್ಟು ಬಿಟ್ಟು ಮುಚ್ಚುತ್ತಿದ್ದರು, ಸದ್ದಿಲ್ಲ. ಟೈಲರಮ್ಮ ಮಿಷನ್ನಿನ ಪೆಡಲನ್ನು ಎಳೆಮಗುವನ್ನು ಮೆಟ್ಟುವವಳಂತೆ ಹೆದರಿ ಹೆದರಿ ಮೆಟ್ಟಿದಳು. ಒಂದು ಪ್ಯಾಂಟಿಗೆ ಹಿಡಿಯುತ್ತಿದ್ದ ಹೊತ್ತಿನಲ್ಲಿ ಒಂದು ಕಾಲೂ ಮುಗಿಯಲಿಲ್ಲ. ಗಿರಾಕಿಗಳು ಬಾಗಿಲಲ್ಲಿ ನಿಂತು, "ಆಗಿಲ್ವಾ?" ಎಂದರೆ ಅವಳು ತುಟಿಯ ಮೇಲೆ ಬೆರಳಿಟ್ಟು ಮಿಷನ್ನಿನ ಕೆಳಗೆ ತೋರಿಸುತ್ತಿದ್ದಳು. ಒಬ್ಬ ವಕೀಲರ ಕೋಟಿನ ಅಸ್ತರನ್ನು ಪುಕ್ಕಲಿ ಹೆದರಿಕೆಯಲ್ಲಿ ಅಗಿದು ಹಾಕಿದಾಗಲೂ ಅವಳು ಪಿಸುಮಾತಿನಲ್ಲೇ ಹಣೆ ಚಚ್ಚಿಕೊಂಡಳು. "ನಿನ್ನ ಮನೆ ಹಾಳಾಗ! ಅದೂ ನನ್ನ ಮನೇನೇ ಆಗೋಯ್ತಲ್ಲ ಈಗ!"

ಜಗಳಗಳೇನೂ ನಿಲ್ಲಲಿಲ್ಲ. ಗಂಡ ಸ್ನಾನ ಮಾಡಿ ಬಂದು ಒದ್ದೆ ಟವೆಲನ್ನು ಕತ್ತರಿಸಿಟ್ಟ ಬಟ್ಟೆಯ ಮೇಲೆ ಎಸೆದ.

"ಕಣ್ಣಿದೆಯಾ ನಿಮಗೆ?" ಪಿಸುಗುಟ್ಟಿದಳು ಅವಳು.

"ಮನೆ ತುಂಬ ನಿನ್ನ ಬಟ್ಟೇನೇ. ಎಲ್ಲಿ ಹಾಕ್ಲಿ, ತಲೆ ಮೇಲಾ?" ಅವನೂ ಪಿಸುಗುಟ್ಟಿದ. ಕತ್ತಿನ ನರ ಉಬ್ಬಿತ್ತು, ದನಿ ಮಾತ್ರ ಸೊಳ್ಳೆಯದು.

ಮೊದಲಾದರೆ ಇದು ಎರಡು ನಿಮಿಷದಲ್ಲಿ ಮುಗಿದು ಊಟಕ್ಕೆ ಕೂರುತ್ತಿದ್ದರು. ಈಗ ಊಟದುದ್ದಕ್ಕೂ ಗುಸುಗುಸು ನಡೆಯಿತು, ಮಾರನೆಯ ದಿನಕ್ಕೂ ಉಳಿಯಿತು. ಕೂಗಿ ಆಡಲು ನಾಚುವಂಥ ಮಾತುಗಳೆಲ್ಲ ಪಿಸುದನಿಯಲ್ಲಿ ಸಲೀಸಾಗಿ ಹೊರಬರತೊಡಗಿದವು.

ಎಲ್ಲರಿಗಿಂತ ಕಷ್ಟವಾದದ್ದು ಅತ್ತೆಗೆ. ಅವರಿಗೆ ಪಿಸುಗುಟ್ಟಲು ಬರುತ್ತಲೇ ಇರಲಿಲ್ಲ. ತಾವು ಮೆಲ್ಲಗೆಂದುಕೊಂಡು ಆಡಿದ್ದೂ ಗೋಡೆಗೆ ಬಡಿಯುತ್ತಿತ್ತು, ಪುಕ್ಕಲಿ ಮಿಷನ್ನಿನ ಕೆಳಗೆ ಓಡುತ್ತಿತ್ತು, ಮೂವರೂ ಒಟ್ಟಿಗೆ "ಶ್ಶ್!" ಎನ್ನುತ್ತಿದ್ದರು. ಕೆಲವು ದಿನ ನೋಡಿ ಅವರು, "ನನ್ನ ಮನೇಲಿ ನನ್ನ ಬಾಯಿಗೇ ಬೀಗ. ಆಗ್ಲಿ!" ಎಂದು ಕೊನೆಯ ಸಲ ಗುಡುಗಿ ಮಾತೇ ಬಿಟ್ಟರು. ಬೇಕಾದದ್ದನ್ನು ಕೈಸನ್ನೆಯಲ್ಲಿ ಕೇಳಿದರು. ಬಡಿಸಿದ್ದನ್ನು ಉಂಡು ತಮ್ಮ ಕೋಣೆಗೆ ಹೋದರು.

ಒಂದು ಸಂಜೆ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದ ಅತ್ತೆಯ ಎದುರಿಗೇ ನಿಂತು ಟೈಲರಮ್ಮ ಮಗಳಿಗೆ ಪಿಸುಗುಟ್ಟಿದಳು. "ಇವರು ಬಾಯಿ ಮುಚ್ಚಿದ ಮೇಲೆ ಮನೆ ಮನೆ ಥರ ಇದೆ ನೋಡು. ಈ ನಾಯಿ ನನ್ನ ಮದುವೆ ವರ್ಷಾನೇ ಬರಬೇಕಿತ್ತು."

ಮಗಳು ಕಿಸಕ್ಕೆಂದಳು. ಕಿವಿ ಕೇಳದ ಅತ್ತೆಗೆ ಪಿಸುಮಾತು ಎಲ್ಲಿ ಕೇಳಬೇಕು! ಅವರು ಅರ್ಧ ಹೆಚ್ಚಿದ ತರಕಾರಿಯನ್ನು ಅಲ್ಲೇ ಬಿಟ್ಟು ಎದ್ದು ಹೋದರು. ಮೊಣಕಾಲು ನೋವಿರಬೇಕು ಎಂದುಕೊಂಡರು ಇವರು.

ಪುಕ್ಕಲಿ ಮಾತ್ರ ದಿನೇದಿನೇ ಚೆನ್ನಾಯಿತು. ಯಾರೂ ಇಲ್ಲದಾಗ ಮಾತ್ರ ತಟ್ಟೆಗೆ ಬಾಯಿ ಹಾಕುತ್ತಿದ್ದದ್ದು ಎದುರಿಗೇ ತಿನ್ನತೊಡಗಿತು. ಮಿಷನ್ನಿನ ಕೆಳಗಿಂದ ಹೊರಬಂದು ಟೈಲರಮ್ಮನ ಪಾದದ ಮೇಲೆ ಗದ್ದವಿಟ್ಟು ಮಲಗಿತು. ಅವಳು ಕಾಲು ಮರಗಟ್ಟಿದರೂ ಎಳೆದುಕೊಳ್ಳದೆ, "ಎದ್ದೇಳೇ ಮೂದೇವಿ, ಕೆಲಸ ಇದೆ ನಂಗೆ," ಎಂದು ಪಿಸುಗುಟ್ಟುತ್ತ ಕೂತಿರುತ್ತಿದ್ದಳು. ಆಶ್ರಯದ ಮೇಡಂ ನೋಡಲು ಬಂದಾಗ ಅದು ಹತ್ತಿರ ಹೋಗಿ ಕೈ ಮೂಸಿತು. ಎಲ್ಲರ ಎದೆಯೂ ಉಬ್ಬಿತು. ಇಬ್ಬರು ಮಕ್ಕಳಿದ್ದ ಒಂದು ಕುಟುಂಬ ಬಂದು ಒಪ್ಪಿ ಕರೆದುಕೊಂಡು ಹೋಯಿತು.

ವಾರ ತುಂಬುವುದರೊಳಗೆ ವಾಪಸ್ ಬಂತು.

ಅಲ್ಲಿ ಮಗು ತಟ್ಟೆ ಬೀಳಿಸಿದ್ದೇ ನೆಪ. ಪುಕ್ಕಲಿ ಫ್ರಿಜ್ಜಿನ ಹಿಂದೆ ಸೇರಿಕೊಂಡಿತಂತೆ. ಕುಕ್ಕರ್ ಕೂಗಿದರೆ ಉಚ್ಚೆ, ಕರೆಗಂಟೆಗೆ ಉಚ್ಚೆ, ಮಕ್ಕಳು ಕೇಕೆ ಹಾಕಿದರೆ ಮತ್ತೆ ಫ್ರಿಜ್ಜಿನ ಹಿಂದೆ. ಎಳೆಯಲು ಹೋದ ಯಜಮಾನನ ಕೈಗೆ ಬಾಯಿ ಹಾಕಿತ್ತು. ಮೇಡಂ ಅದನ್ನು ಒಳಗೆ ಬಿಡುತ್ತಿದ್ದಂತೆ ನೇರ ಮಿಷನ್ನಿನ ಕೆಳಗೆ ಹೋಗಿ ಬಾಲದ ತುದಿಯನ್ನೂ ಒಳಕ್ಕೆಳೆದುಕೊಂಡಿತು.

"ನಿಮ್ಮನೇಲಿ ಕುಕ್ಕರ್ ಕೂಗಿದ್ರೆ ಹೇಗಿರುತ್ತೆ ಇದು?" ಕೇಳಿದರು ಮೇಡಂ.

"ಕೂಗಿಸಲ್ಲ ಮೇಡಂ. ಹೆದರ್ಕೊಳ್ಳುತ್ತಲ್ಲ, ಪಾಪ," ಎಂದಳು ಟೈಲರಮ್ಮ ಪಿಸುದನಿಯಲ್ಲಿ.

"ಮಿಕ್ಸಿ?"

"ಪಕ್ಕದ ಮನೇಲಿ."

"ಪೊರಕೆ?"

"ಅದು ಟೆರೇಸಿಗೆ ಹೋದಾಗ ಗುಡಿಸ್ಕೋತೀವಿ."

ಮೇಡಂ ಒಬ್ಬೊಬ್ಬರ ಮುಖವನ್ನೂ ನೋಡಿದರು. "ಇಷ್ಟು ದಿನಾನೂ ಹೀಗೇ ಇದ್ರಾ? ಅಯ್ಯೋ, ನಾನು ಹೇಳಿದ್ದು ಮೊದಲನೇ ವಾರಕ್ಕೆ ಮಾತ್ರ! ಆಮೇಲೆ ಸ್ವಲ್ಪ ಸ್ವಲ್ಪವಾಗಿ ಸದ್ದು ಜಾಸ್ತಿ ಮಾಡ್ತಾ, ಜೊತೆಗೆ ತಿನ್ನೋಕೆ ಏನಾದ್ರೂ ಕೊಡ್ತಾ ಬರಬೇಕು ಅಂದಿದ್ದೆ. ನಾಯಿಗೆ ಧೈರ್ಯ ಕಲಿಸಿ ಅಂದ್ರೆ ನೀವೇ ಹೆದರೋದು ಕಲಿತಿದ್ದೀರಲ್ರೀ!"

ಮೂವರ ಕಣ್ಣೂ ಮಗಳ ಕಡೆ ತಿರುಗಿತು. ಮಗಳು ಫೋನಿನಲ್ಲಿ ಏನೋ ಬಹಳ ಮುಖ್ಯವಾದದ್ದನ್ನು ನೋಡತೊಡಗಿದಳು.

"ಇನ್ನೊಂದು ಅವಕಾಶ ಕೊಡಬಹುದು, ಅಷ್ಟೇ," ಮೇಡಂ ಎದ್ದರು. "ಬಾಯಿ ಹಾಕಿದೆ. ಮುಂದಿನ ಸಲಾನೂ ವಾಪಸ್ ಬಂದ್ರೆ ಇದನ್ನ ಮನೆಗೆ ಕೊಡೋ ಹಾಗಿಲ್ಲ. ಆಶ್ರಯದ ಶೆಡ್ಡಲ್ಲೇ, ಬದುಕಿರೋವರೆಗೂ."

ಟೈಲರಮ್ಮ ಆ ಶೆಡ್ಡನ್ನು ಒಮ್ಮೆ ನೋಡಿದ್ದಳು. ಸಾಲಾಗಿ ಕಬ್ಬಿಣದ ಜಾಲರಿ, ಒಂದು ಬೊಗಳಿದರೆ ಎಲ್ಲವೂ ಬೊಗಳುತ್ತವೆ, ಮರೆಗೆ ಒಂದು ಮೂಲೆಯೂ ಇಲ್ಲ. ಅಲ್ಲಿ ಇದು ಒಂದು ವಾರ ಬದುಕದು ಎನ್ನಿಸಿತು ಅವಳಿಗೆ. ಆಮೇಲೆ ಮಗಳನ್ನು ಅಡುಗೆಮನೆಗೆ ಕರೆದು ಚೆನ್ನಾಗಿ ಬೈದಳು, ಪಿಸುದನಿಯಲ್ಲೇ. ಅಭ್ಯಾಸವಾಗಿಬಿಟ್ಟಿತ್ತು.

ಸದ್ದು ಮಾಡುವ ಕೆಲಸ ಶುರುವಾಯಿತು. ಗಂಡ ಒಂದು ಚಮಚ ಬೀಳಿಸಿ ಪುಕ್ಕಲಿಗೆ ಬಿಸ್ಕತ್ತು ಕೊಟ್ಟ. ಆಮೇಲೆ ಲೋಟ, ಆಮೇಲೆ ತಟ್ಟೆ. ಕುಕ್ಕರ್ ಅಟ್ಟದಿಂದ ಇಳಿಯಿತು. ಚಮಚ ಬಿದ್ದರೆ ಪುಕ್ಕಲಿ ಕಿವಿ ನಿಮಿರಿಸಿ ಬಿಸ್ಕತ್ತಿಗೆ ಕಾಯುವಷ್ಟಾಯಿತು. ಆದರೆ ಮನುಷ್ಯರ ಗಂಟಲಿಗೆ ಮಾತ್ರ ಅದು ಒಗ್ಗಲಿಲ್ಲ. ಇವರಿಗೂ ಬೇಕೆಂದೇ ಕೂಗಲು ಬರಲಿಲ್ಲ. ಗಂಡ, "ಏನೇ, ಊಟ ಆಯ್ತಾ!" ಎಂದು ನಾಟಕದವರ ಹಾಗೆ ಅಬ್ಬರಿಸಿ ತಾನೇ ನಾಚಿಕೊಂಡ.

"ಅಜ್ಜಿ ಮಾತಾಡಿದ್ರೆ ಸಾಕು," ಅಂದಳು ಮಗಳು. "ಅಜ್ಜಿ ಗಂಟಲಿಗೆ ಒಗ್ಗಿದ ನಾಯಿ ಯಾವ ಮನೇಲಾದ್ರೂ ಬಾಳುತ್ತೆ."

ಕೇಳಲು ಹೋದವಳು ಟೈಲರಮ್ಮ. ಅತ್ತೆ ಮಂಚದ ಮೇಲೆ ಕೂತು ಬಟ್ಟೆ ಮಡಿಸುತ್ತಿದ್ದರು.

"ಅತ್ತೆ, ಇನ್ಮೇಲೆ ಮಾತಾಡಬಹುದಂತೆ ನೀವು. ಜೋರಾಗೇ."

ಅತ್ತೆ ಬಹಳ ದಿನಗಳ ಮೇಲೆ ಬಾಯಿ ಬಿಟ್ಟರು. ದನಿ ಒರಟಾಗಿತ್ತು. "ಬೇಕಾದಾಗ ಹಾಕೋಕೆ, ಬೇಡದಾಗ ಆರಿಸೋಕೆ ನಾನೇನು ರೇಡಿಯೋನಾ?"

ಅಷ್ಟೇ. ಮತ್ತೆ ಬಟ್ಟೆ ಮಡಿಸತೊಡಗಿದರು. ಟೈಲರಮ್ಮನಿಗೆ ತಲೆ ಚಿಟ್ಟುಹಿಡಿಯಿತು. ಕೂಗಬೇಡಿ ಎಂದಾಗ ಕೂಗಿದರು, ಕೂಗಿ ಎಂದಾಗ ಸುಮ್ಮನಾದರು. ಈ ಹೆಂಗಸು ಹುಟ್ಟಿದ್ದೇ ತನ್ನ ಪ್ರಾಣ ಹಿಂಡಲು ಎಂದುಕೊಂಡಳು. ಹಾಗೆ ದಿನಗಳು ಹೋದವು. ಮೇಡಂ ಫೋನ್ ಮಾಡಿ, ಗಡಿಯಾರ ರಿಪೇರಿ ಅಂಗಡಿಯವರೊಬ್ಬರು ನಾಯಿ ಕೇಳುತ್ತಿದ್ದಾರೆ, ತಿಂಗಳಲ್ಲಿ ತಯಾರಾಗುತ್ತದಾ ಎಂದರು. ಆಗುತ್ತದೆ ಎಂದುಬಿಟ್ಟಳು ಟೈಲರಮ್ಮ. ಯಾವ ಧೈರ್ಯಕ್ಕೆ ಅಂದಳೋ ಅವಳಿಗೇ ಗೊತ್ತಿರಲಿಲ್ಲ.

ರಜೆಯ ದಿನ ಎಲ್ಲರೂ ಮಧ್ಯಾಹ್ನದ ಊಟಕ್ಕೆ ಕೂತಿದ್ದರು. ಅನ್ನ, ಪಲ್ಯ, ತಲೆಗೊಂದು ಬೇಯಿಸಿದ ಮೊಟ್ಟೆ. ಅತ್ತೆ ಮೊಟ್ಟೆಯನ್ನು ಮುಟ್ಟದೆ ಕೈತೊಳೆಯಲು ಎದ್ದರು. ಟೈಲರಮ್ಮ ಗಂಡನ ಕಡೆ ವಾಲಿ ಪಿಸುಗುಟ್ಟಿದಳು. "ನೋಡಿದ್ರಾ, ಹೊಟ್ಟೆ ತುಂಬ ಹಟಾನೇ ಇರುವಾಗ ಮೊಟ್ಟೆಗೆ ಜಾಗ ಎಲ್ಲಿ?"

ಎದುರಿಗೆ ಏಳುತ್ತಿದ್ದ ಅತ್ತೆ ಅಲ್ಲೇ ನಿಂತರು.

"ಹಟ ಅಲ್ಲ ಕಣೇ! ಹೊಟ್ಟೆ ತುಂಬ ನಿನ್ನ ಮಾತಿದೆ!"

ಗಾಜಿನ ಕಿಟಕಿ ಜುಂ ಎಂದಿತು. ಪುಕ್ಕಲಿ ಮಿಷನ್ನಿನ ಕೆಳಗೆ ಹಾರಿತು.

"ನಿಮಗೆ... ಕೇಳಿಸ್ತಾ?" ಗಂಡ ತೊದಲಿದ.

"ಕಿವಿ ಯಾರಿಗೆ ಬೇಕೋ? ಆ ಮಗ್ಗದ ಶೆಡ್ಡಲ್ಲಿ ಪಕ್ಕದಲ್ಲಿ ನಿಂತು ಕೂಗಿದ್ರೂ ಕೇಳ್ತಿರಲಿಲ್ಲ. ತುಟಿ ನೋಡ್ಕೊಂಡೇ ಮಾತಾಡಿದವರು ನಾವು. ಆರು ಮಗ್ಗದ ಆಚೆ ನಿಂತವಳ ಮನೆ ಸುದ್ದಿ ತುಟಿ ನೋಡಿ ಹೇಳ್ತಿದ್ದೆ. ಎದುರಿಗೆ ನಿಂತು ಗುಸುಗುಸು ಅನ್ನೋ ನಿಮ್ಮದು ತಿಳಿಯಲ್ವಾ? ಇವರು ಬಾಯಿ ಮುಚ್ಚಿದ ಮೇಲೆ ಮನೆ ಮನೆ ಥರ ಇದೆ! ಈ ನಾಯಿ ನನ್ನ ಮದುವೆ ವರ್ಷಾನೇ ಬರಬೇಕಿತ್ತು! ಹೇಳಿದ್ಯೋ ಇಲ್ವೋ?"

ಇಷ್ಟು ವಾರ ಆ ಮುದುಕಿ ಒಂದೊಂದು ಮಾತನ್ನೂ ಎದುರು ಕೂತು ಓದಿದ್ದರು. ಟೈಲರಮ್ಮನಿಗೆ ನಾಚಿಕೆಯಾಯಿತು. ನಾಚಿಕೆಯಾದಾಗ ಈ ಮನೆಯವರು ಏನು ಮಾಡುತ್ತಾರೋ ಅದನ್ನೇ ಅವಳೂ ಮಾಡಿದಳು, ಕೂಗಿದಳು.

"ಹೇಳಿದೆ! ಇನ್ನೇನು ಮಾಡ್ಲಿ? ನಾನು ಹೊಲಿದ ಒಂದು ಬಟ್ಟೆನಾದ್ರೂ ಚೆನ್ನಾಗಿದೆ ಅಂದಿದೀರಾ ಇಷ್ಟು ವರ್ಷದಲ್ಲಿ? ಮಗ್ಗ ಮಗ್ಗ ಮಗ್ಗ! ಬಟ್ಟೆ ನೇಯ್ದರೆ ಕೆಲಸ, ಹೊಲಿದ್ರೆ ಆಟಾನಾ?"

"ನನ್ನ ರವಿಕೆ ಭುಜ ಇಳಿಬಿದ್ದಿದ್ರೆ ಚೆನ್ನಾಗಿದೆ ಅನ್ಲಾ?"

"ನೇರ ನಿಂತು ಅಳತೆ ಕೊಡಿ ಮೊದಲು!"

ಅತ್ತೆ ತಟ್ಟೆಯನ್ನು ಕುಕ್ಕಿದರು. ಮೊಟ್ಟೆ ನೆಗೆದು ನೆಲಕ್ಕೆ ಬಿದ್ದು ಉರುಳಿ ಹೋಗಿ ಮಿಷನ್ನಿನ ಕಾಲಿಗೆ ತಾಗಿ ನಿಂತಿತು. ಇಬ್ಬರೂ ಉಸಿರು ತೆಗೆದುಕೊಳ್ಳದೆ ಕೂಗುತ್ತಿದ್ದರು. ಆಗ ಮಗಳು ತಾಯಿಯ ಸೆರಗು ಜಗ್ಗಿ ಕೆಳಗೆ ತೋರಿಸಿದಳು.

ತುಂಡುಬಟ್ಟೆಗಳ ನಡುವಿನಿಂದ ಮೊದಲು ಮೂಗು ಬಂತು. ಆಮೇಲೆ ಒಂದು ಕಾಲು. ಪುಕ್ಕಲಿ ನಡುಗುತ್ತಲೇ, ಹೊಟ್ಟೆಯನ್ನು ನೆಲಕ್ಕೆ ಒತ್ತಿಕೊಂಡು ಬಂದು ಮೊಟ್ಟೆಯನ್ನು ಕಚ್ಚಿತು. ಒಳಕ್ಕೆ ಒಯ್ಯಲಿಲ್ಲ. ಅಲ್ಲೇ ತಿನ್ನತೊಡಗಿತು.

ಇಬ್ಬರೂ ಥಟ್ಟನೆ ಸುಮ್ಮನಾದರು. ಪುಕ್ಕಲಿಯೂ ಬಾಯಿ ನಿಲ್ಲಿಸಿ ತಲೆ ಎತ್ತಿತು.

"ನಿಲ್ಲಿಸ್ಬೇಡಿ!" ಮಗಳು ಕೈಮುಗಿದಳು. "ಮುಂದುವರಿಸಿ, ಮುಂದುವರಿಸಿ!"

"ಏನಂತ ಮುಂದುವರಿಸ್ಲೇ? ಬರಬೇಕಲ್ಲ!" ಎಂದು ಕೂಗಿದಳು ಟೈಲರಮ್ಮ. ಸಿಟ್ಟು ಆಗಲೇ ಇಳಿದಿತ್ತು.

"ಯಾಕೆ ಬರಲ್ಲ? ನನ್ನ ತಾಮ್ರದ ಕೊಡ ಹಳೇ ಸಾಮಾನಿನವನಿಗೆ ಹಾಕಿದೆಯಲ್ಲ, ಅದನ್ನ ತೆಗಿ!" ಎಂದರು ಅತ್ತೆ, ಕೆಳಗೆ ನಾಯಿಯನ್ನೇ ನೋಡುತ್ತ.

"ತೂತು ಬಿದ್ದಿತ್ತು ಅದು!"

"ಬೆಸುಗೆ ಹಾಕಿಸಬಹುದಿತ್ತು!"

ಕೊಡ ಮುಗಿಯುವಷ್ಟರಲ್ಲಿ ಮೊಟ್ಟೆಯೂ ಮುಗಿದಿತ್ತು. ಅವತ್ತು ಎಲ್ಲರ ತಟ್ಟೆಯಲ್ಲೂ ಅನ್ನ ಆರಿತ್ತು, ಆದರೂ ಹೊಟ್ಟೆ ತುಂಬ ಉಂಡರು.

ಅಂದಿನಿಂದ ಪ್ರತಿ ಊಟಕ್ಕೂ ಒಂದು ಮೊಟ್ಟೆ, ಒಂದು ಜಗಳ. ಕೊಡ ಸವೆದುಹೋದಮೇಲೆ ರವಿಕೆ, ರವಿಕೆ ಮುಗಿದರೆ ಗಂಡನ ಒದ್ದೆ ಟವೆಲು. ಆಡುತ್ತ ಆಡುತ್ತ ಕೆಲವೊಮ್ಮೆ ನಿಜವಾದ ಸಿಟ್ಟೇ ಬರುತ್ತಿತ್ತು, ಕೆಲವೊಮ್ಮೆ ನಗು. ಈ ಮನೆಯವರಿಗೆ ಅರ್ಧ ಮಾಡಿ ಗೊತ್ತಿಲ್ಲ ಎಂದೆನಲ್ಲ. ಎದುರು ಮನೆಯವರು ಬಂದು ಎಲ್ಲ ಸರಿಯಿದೆಯಾ ಎಂದು ವಿಚಾರಿಸಿಕೊಂಡು ಹೋದರು. ಪುಕ್ಕಲಿ ಈಗ ದನಿ ಏರಿದರೆ ಎಲ್ಲಿದ್ದರೂ ಓಡಿ ಬಂದು, ಅತ್ತೆ ಸೊಸೆಯ ನಡುವೆ ಬಾಲ ಆಡಿಸುತ್ತ ಕೂರುತ್ತಿತ್ತು.

ಗಡಿಯಾರದವರು ಬಂದರು. ಒಂಟಿ ಮನುಷ್ಯ, ಮಾತು ಕಡಿಮೆ, ಬೆರಳುಗಳು ಮೆತ್ತಗೆ. "ಎಷ್ಟು ಸದ್ದಿದ್ರೂ ಹೆದರಲ್ಲ ಸಾರ್!" ಎಂದು ಗಂಡ ತಟ್ಟೆ ಬಡಿದು ತೋರಿಸಿದ. ಅವರೇ ಬೆಚ್ಚಿದರು, ಪುಕ್ಕಲಿ ಬೆಚ್ಚಲಿಲ್ಲ. ಮೇಡಂ ಒಪ್ಪಿದರು. ಟೈಲರಮ್ಮ ಅದು ಹಾಸಿಕೊಳ್ಳುತ್ತಿದ್ದ ತುಂಡುಬಟ್ಟೆಗಳನ್ನು ಒಂದು ಚೀಲಕ್ಕೆ ತುಂಬಿ ಕೊಟ್ಟು, "ಹೋಗು, ಪೀಡೆ ತೊಲಗಿತು," ಎಂದು ಒಳಗೆ ಹೋಗಿ ಪೆಡಲ್ ಮೆಟ್ಟಿದಳು.

ಕೆಲವು ದಿನ ಕಳೆದು ರಾತ್ರಿಯ ಊಟಕ್ಕೆ ತಟ್ಟೆ ಹಾಕುವಾಗ ಟೈಲರಮ್ಮನಿಗೆ ಫೋನ್ ಬಂತು. ಗಡಿಯಾರದವರು.

"ಹೆದರಿಕೆ ಏನಿಲ್ಲಮ್ಮ. ಆದ್ರೆ ಬಂದಾಗಿನಿಂದ ಸರಿಯಾಗಿ ತಿಂದೇ ಇಲ್ಲ. ಮೊಟ್ಟೆ ಇಟ್ರೆ ಮೂಸಿ ನೋಡಿ ಬಾಗಿಲ ಕಡೆ ತಿರುಗಿ ಕೂರುತ್ತೆ. ಯಾರಿಗೋ ಕಾಯೋ ಹಾಗೆ."

"ಮನೇಲಿ ಮಾತುಕತೆ...?"

"ನಾನೊಬ್ನೇ ಅಲ್ವಾ. ಗಡಿಯಾರದ ಟಿಕ್ ಟಿಕ್ ಬಿಟ್ರೆ ಇನ್ನೇನಿಲ್ಲ. ಸೊರಗ್ತಾ ಇದೆ, ನೋಡೋಕಾಗಲ್ಲ. ಆಶ್ರಯದವರಿಗೇ ಹೇಳಿಬಿಡ್ಲಾ ಅಂತ..."

ಟೈಲರಮ್ಮನಿಗೆ ಆ ಜಾಲರಿಯ ಶೆಡ್ಡು ನೆನಪಾಯಿತು. ಮೌನಕ್ಕೂ ಅದನ್ನು ತಯಾರು ಮಾಡಬೇಕಿತ್ತು ಎಂದು ಯಾರಿಗೂ ಹೊಳೆದಿರಲಿಲ್ಲ.

"ಹೇಳ್ಬೇಡಿ! ಮೊಟ್ಟೆ ಇಡಿ ಅದರ ಮುಂದೆ. ಫೋನ್ ಸ್ಪೀಕರ್‌ಗೆ ಹಾಕಿ ನೆಲದ ಮೇಲಿಡಿ. ಅತ್ತೇ! ಬನ್ನಿ ಇಲ್ಲಿ, ಬೇಗ!"

ತನ್ನ ಫೋನನ್ನೂ ಸ್ಪೀಕರ್‌ಗೆ ಹಾಕಿ ತಟ್ಟೆಗಳ ನಡುವೆ ಇಟ್ಟಳು. ಅತ್ತೆ ಬಂದರು. ಸೊಸೆಯ ತುಟಿ ನೋಡಿದರು, ಫೋನ್ ನೋಡಿದರು, ಹೆಚ್ಚು ಕೇಳಲಿಲ್ಲ. ತಟ್ಟೆಗಳ ಮೇಲೆ ಕಣ್ಣಾಡಿಸಿ ಸೊಂಟಕ್ಕೆ ಕೈ ಕೊಟ್ಟರು.

"ನಾಲ್ಕು ಜನಕ್ಕೆ ಐದು ಮೊಟ್ಟೆ ಯಾಕೆ ಬೇಯಿಸಿದ್ದೀಯೇ?"

"ಕೈ ತಪ್ಪಿ ಬಿತ್ತು ಪಾತ್ರೆಗೆ!"

"ನಿನ್ನೆನೂ ತಪ್ಪಿತ್ತು ಕೈ! ಮೊನ್ನೆನೂ!"

"ತಪ್ಪಿತ್ತು! ಏನೀಗ?"

"ಬಂತು, ಬಂತು," ಫೋನಿನಿಂದ ಗಡಿಯಾರದವರ ದನಿ. "ಬಾಲ ಆಡಿಸ್ತಾ ಇದೆ. ತಿಂತಾ ಇದೆ! ನಿಲ್ಲಿಸ್ಬೇಡಿ ದಯವಿಟ್ಟು."

ಟೈಲರಮ್ಮ ಮುಂದಿನ ಮಾತಿಗೆ ಬಾಯಿ ತೆರೆದಳು. ದನಿ ಬರಲಿಲ್ಲ. ಕಣ್ಣು ತುಂಬಿ, ತುಟಿ ಮಾತ್ರ ಅಲ್ಲಾಡಿತು. "ಹೋಗೇಬಿಡ್ತಲ್ಲ, ಅತ್ತೆ."

ಅತ್ತೆ ಅದನ್ನು ಓದಿಕೊಂಡರು. ಎದೆ ತುಂಬ ಉಸಿರೆಳೆದು, ತಾಮ್ರದ ಕೊಡದಿಂದ ಮತ್ತೆ ಶುರುಮಾಡಿದರು. ಕೇಳುವ ಮಾತೂ ಅವರದೇ, ಉತ್ತರವೂ ಅವರದೇ. ತೂತು ಬಿದ್ದಿತ್ತು ಎಂದು ಅವರೇ ಕೂಗಿದರು, ಬೆಸುಗೆ ಹಾಕಿಸಬಹುದಿತ್ತು ಎಂದೂ ಅವರೇ ಕೂಗಿದರು. ಇಬ್ಬರ ಪಾಲಿನ ಜಗಳವನ್ನೂ ಒಬ್ಬರೇ ಆಡಿದರು, ಅಲ್ಲಿ ತಟ್ಟೆ ಖಾಲಿಯಾಯಿತು ಎಂದು ಫೋನ್ ಹೇಳುವವರೆಗೂ.

"ನಾಳೆನೂ ಈ ಹೊತ್ತಿಗೇ ಮಾಡ್ಲಾ?" ಕೇಳಿದರು ಗಡಿಯಾರದವರು.

"ನಮಗೇನು ಬೇರೆ ಕೆಲಸ ಇಲ್ವಾ?" ಎಂದು ಗುಡುಗಿದರು ಅತ್ತೆ. "ಮಾಡಿ!"

ಆಮೇಲೆ ಕೂತು, ಐದನೆಯ ಮೊಟ್ಟೆಯನ್ನು ತೆಗೆದು ಸೊಸೆಯ ತಟ್ಟೆಗೆ ಹಾಕಿದರು. ಅತ್ತೆಯ ತುಟಿ ಅಲ್ಲಾಡಿತು. ದನಿಯೇ ಇರಲಿಲ್ಲ. ಈ ಸಲ ಟೈಲರಮ್ಮ ಓದಿಕೊಂಡಳು.

"ತಿನ್ನು" ಎಂದಿದ್ದರು.